ಫೋನಿನಲ್ಲಿ ನಿಮ್ಮದೇ ದನಿ ವಾಪಸ್ ಕೇಳಿಸಿದರೆ ಯಾರೋ ಕದ್ದು ಕೇಳುತ್ತಿದ್ದಾರೆಯೇ?

ವಾಟ್ಸಪ್ ಗ್ರೂಪುಗಳಲ್ಲಿ ಆಗಾಗ ಸುತ್ತುವ ಒಂದು ಸಂದೇಶದ ತಾತ್ಪರ್ಯ ಹೀಗಿದೆ: "ಫೋನಿನಲ್ಲಿ ಮಾತಾಡುವಾಗ ನಿಮ್ಮ ಮಾತೇ ನಿಮಗೆ ತಿರುಗಿ ಕೇಳಿಸುತ್ತಿದೆಯಾ? ಎಚ್ಚರ! ನಿಮ್ಮ ಕರೆಯನ್ನು ಯಾರೋ ರೆಕಾರ್ಡ್ ಮಾಡುತ್ತಿದ್ದಾರೆ. ಕೂಡಲೇ ಕಟ್ ಮಾಡಿ, *#21# ಒತ್ತಿ ನೋಡಿ. ನಿಮ್ಮವರಿಗೆಲ್ಲ ತಿಳಿಸಿ."

ಓದುಗರೊಬ್ಬರು ಇದನ್ನು ನಮಗೆ ಕಳಿಸಿ, ಜೊತೆಗೆ ತಮ್ಮ ಮನೆಯ ಸಂಗತಿಯನ್ನೂ ಬರೆದಿದ್ದರು. ಅವರು ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದಾರೆ. ಅಮ್ಮ ಊರಿನಲ್ಲಿ ಒಬ್ಬರೇ. ಅಮ್ಮನಿಗೆ ಮಗನ ಜೊತೆ ಮಾತಾಡುವಾಗ ಮಾತ್ರ ತಮ್ಮ ದನಿ ವಾಪಸ್ ಕೇಳಿಸುತ್ತದೆ. ಈ ಫಾರ್ವರ್ಡ್ ಓದಿದ ಮೇಲೆ ಅವರು ಫೋನಿನಲ್ಲಿ ಬಿಪಿ ಮಾತ್ರೆಯ ವಿಷಯ, ಪಿಂಚಣಿ ವಿಷಯ ಯಾವುದನ್ನೂ ಹೇಳುತ್ತಿಲ್ಲವಂತೆ. "ಯಾರೋ ಕೇಳಿಸ್ಕೊಳ್ತಿದಾರೆ ಕಣೋ, ನೀನು ಬಂದಾಗ ಮಾತಾಡೋಣ" ಎಂದು ಕರೆ ಮುಗಿಸುತ್ತಾರಂತೆ. ಅಮ್ಮ ಒಂದು ರಾತ್ರಿ ತಲೆಸುತ್ತಿ ಬಿದ್ದಿದ್ದ ಸುದ್ದಿ ಮಗನಿಗೆ ತಲುಪಿದ್ದು ನಾಲ್ಕು ದಿನ ತಡವಾಗಿ, ಅದೂ ಪಕ್ಕದ ಮನೆಯವರಿಂದ.

ಹಾಗಾಗಿ ಈ ಫಾರ್ವರ್ಡನ್ನು ನಾವು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ದನಿ ವಾಪಸ್ ಕೇಳುವುದಕ್ಕೂ ಕದ್ದಾಲಿಕೆಗೂ ಸಂಬಂಧವಿಲ್ಲ. ನಿಮಗೆ ಪ್ರತಿಧ್ವನಿ ಕೇಳುತ್ತಿದ್ದರೆ ತೊಂದರೆ ಬಹುತೇಕ ನಿಮ್ಮ ಫೋನಿನಲ್ಲಿಲ್ಲ, ನೀವು ಯಾರ ಜೊತೆ ಮಾತಾಡುತ್ತಿದ್ದೀರೋ ಅವರ ತುದಿಯಲ್ಲಿದೆ. ಹೇಗೆ ಅಂತ ನೋಡೋಣ.

ನಿಮ್ಮ ದನಿ ಹೋಗಿ ತಿರುಗಿ ಬರುವುದು ಹೇಗೆ?

ನೀವು "ಹಲೋ" ಅಂದಿರಿ. ಆ ಹಲೋ ನಿಮ್ಮ ಮೈಕ್ ಹೊಕ್ಕು, ನೆಟ್‌ವರ್ಕ್ ದಾಟಿ, ಎದುರಿನವರ ಸ್ಪೀಕರಿನಲ್ಲಿ ಹೊರಬಂತು. ಅವರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದಾರೆ ಅಂದುಕೊಳ್ಳಿ. ಸ್ಪೀಕರಿನಿಂದ ಹೊರಟ ನಿಮ್ಮ ಹಲೋ ಗೋಡೆಗೆ, ಮೇಜಿಗೆ ತಾಗಿ ಅದೇ ಫೋನಿನ ಮೈಕಿಗೂ ಬೀಳುತ್ತದೆ. ಅದು ಮನುಷ್ಯರು ಆಡಿದ ಮಾತೋ, ಸ್ಪೀಕರಿನಿಂದ ಬಂದ ಮಾತೋ ಎಂಬುದು ಮೈಕಿಗೆ ತಿಳಿಯದು. ಬಿದ್ದದ್ದನ್ನೆಲ್ಲ ಕಳಿಸುತ್ತದೆ. ನಿಮ್ಮ ಹಲೋ ಬಂದ ದಾರಿಯಲ್ಲೇ ತಿರುಗಿ ಹೊರಟು ನಿಮ್ಮ ಕಿವಿಗೇ ಬಂದು ಸೇರುತ್ತದೆ.

ಇದು ಗಾಳಿಯಲ್ಲಿ ಹುಟ್ಟುವ ಪ್ರತಿಧ್ವನಿ. ಇನ್ನೊಂದು ಬಗೆಯದು ತಂತಿಯಲ್ಲಿ ಹುಟ್ಟುತ್ತದೆ. ಹಳೆಯ ಲ್ಯಾಂಡ್‌ಲೈನಿನಲ್ಲಿ ಮನೆಗೆ ಬರುವುದು ಎರಡೇ ತಂತಿ. ಹೋಗುವ ಮಾತೂ ಬರುವ ಮಾತೂ ಅದೇ ಜೋಡಿಯ ಮೇಲೆ ಓಡಾಡಬೇಕು. ದೂರದ ಊರಿನ ಕರೆಗಳಲ್ಲಿ ಮಾತ್ರ ಹೋಗುವುದಕ್ಕೆ ಒಂದು ದಾರಿ, ಬರುವುದಕ್ಕೆ ಇನ್ನೊಂದು ದಾರಿ, ಒಟ್ಟು ನಾಲ್ಕು ತಂತಿ. ಎರಡು ತಂತಿ ನಾಲ್ಕಾಗುವ ಜಾಗದಲ್ಲಿ ಹೈಬ್ರಿಡ್ ಎಂಬ ಸರ್ಕ್ಯೂಟ್ ಇರುತ್ತದೆ. ಬಂದ ಮಾತನ್ನೆಲ್ಲ ಮನೆಯ ಕಡೆಗೇ ಕಳಿಸುವುದು ಅದರ ಕೆಲಸ. ಆದರೆ ಪ್ರತಿ ಮನೆಯ ತಂತಿಯ ಉದ್ದ, ದಪ್ಪ ಬೇರೆ ಬೇರೆ. ಯಾವ ಹೈಬ್ರಿಡ್ಡೂ ಎಲ್ಲ ಮನೆಗೂ ಸರಿಯಾಗಿ ಹೊಂದುವುದಿಲ್ಲ. ಹೊಂದದಷ್ಟು ಭಾಗ ಸೋರಿ, ಮಾತಾಡಿದವರ ಕಡೆಗೇ ವಾಪಸ್ ಹೋಗುತ್ತದೆ.

ಎರಡೂ ಕಡೆ ಗಮನಿಸಬೇಕಾದ ಅಂಶ ಒಂದೇ. ಪ್ರತಿಧ್ವನಿ ಹುಟ್ಟುವುದು ಆ ತುದಿಯಲ್ಲಿ, ಕೇಳುವುದು ಈ ತುದಿಯಲ್ಲಿ. ಹಾಗಾಗಿಯೇ ಜನ ಮೋಸ ಹೋಗುತ್ತಾರೆ. ತಮಗೆ ಕೇಳುತ್ತಿರುವುದರಿಂದ ತಮ್ಮ ಫೋನೇ ಕೆಟ್ಟಿದೆ, ತಮ್ಮ ಫೋನಿನಲ್ಲೇ ಯಾರೋ ಸೇರಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಎದುರಿನವರಿಗೆ ಏನೂ ಕೇಳುವುದಿಲ್ಲವಾದ್ದರಿಂದ ಅವರು "ನನಗೆಲ್ಲ ಸರಿಯಾಗೇ ಕೇಳ್ತಿದೆಯಲ್ಲ" ಅನ್ನುತ್ತಾರೆ. ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಎಲ್ಲ ಕರೆಯಲ್ಲೂ ಯಾಕೆ ಕೇಳುವುದಿಲ್ಲ?

ನಿಜ ಹೇಳಬೇಕೆಂದರೆ, ನಿಮ್ಮ ದನಿ ಹೆಚ್ಚುಕಡಿಮೆ ಎಲ್ಲ ಕರೆಯಲ್ಲೂ ತಿರುಗಿ ಹೊರಡುತ್ತದೆ. ಲ್ಯಾಂಡ್‌ಲೈನ್ ಫೋನುಗಳಲ್ಲಂತೂ ನಿಮ್ಮ ದನಿಯನ್ನು ಸ್ವಲ್ಪ ನಿಮ್ಮ ಕಿವಿಗೇ ಬೇಕೆಂದೇ ಕೊಡುತ್ತಾರೆ. ಅದು ಇಲ್ಲದಿದ್ದರೆ ಫೋನ್ ಸತ್ತಂತೆ ಅನಿಸಿ ನಾವು ಕಿರುಚತೊಡಗುತ್ತೇವೆ. ಆದರೆ ಅದು ನಮಗೆ ಪ್ರತಿಧ್ವನಿ ಅನಿಸುವುದಿಲ್ಲ. ಯಾಕೆಂದರೆ ತಡವೇ ಇಲ್ಲ.

ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದೆ, ಮನೆಯ ಹಜಾರದಲ್ಲಿ ಕೇಳುವುದಿಲ್ಲ. ಹಜಾರದ ಗೋಡೆಯೂ ಶಬ್ದವನ್ನು ವಾಪಸ್ ಕಳಿಸುತ್ತದೆ. ಗೋಡೆ ಹತ್ತಿರವಿರುವುದರಿಂದ ಅದು ಮೂಲ ಶಬ್ದದಲ್ಲೇ ಬೆರೆತುಹೋಗುತ್ತದೆ ಅಷ್ಟೆ. ಫೋನಿನಲ್ಲೂ ಹಾಗೆಯೇ. ವಾಪಸ್ ಬಂದ ದನಿ ಸುಮಾರು 25–30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಿದ್ದರೆ, ಸಾಕಷ್ಟು ಜೋರಾಗಿಯೂ ಇದ್ದರೆ, ಕಿವಿ ಅದನ್ನು ಬೇರೆ ದನಿಯೆಂದು ಗುರುತಿಸತೊಡಗುತ್ತದೆ. ಒಂದು ಸೆಕೆಂಡನ್ನು ಸಾವಿರ ತುಂಡು ಮಾಡಿದರೆ ಒಂದು ತುಂಡು ಒಂದು ಮಿಲಿಸೆಕೆಂಡ್.

ಒಂದೇ ಊರಿನ ಎರಡು ಲ್ಯಾಂಡ್‌ಲೈನುಗಳ ನಡುವೆ ಇಷ್ಟು ತಡ ಆಗುತ್ತಿರಲಿಲ್ಲ. ಮೊಬೈಲಿನ ಕಥೆ ಬೇರೆ. ಇಲ್ಲಿ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಸಂಕೇತವಾಗಿ ಕುಗ್ಗಿಸಿ, ಕಳಿಸಿ, ಆ ಕಡೆ ಬಿಡಿಸಿ ಜೋಡಿಸುತ್ತಾರೆ. ಪಕ್ಕದ ಬೀದಿಗೆ ಕರೆ ಮಾಡಿದರೂ ಈ ಕೆಲಸಕ್ಕೆಲ್ಲ ಸಮಯ ಹಿಡಿಯುತ್ತದೆ. ಇಂಟರ್‌ನೆಟ್ ಕರೆಯಲ್ಲಿ ತುಂಡುಗಳು ಹಿಂದುಮುಂದಾಗಿ ಬರುವುದರಿಂದ ಅವುಗಳಿಗಾಗಿ ಕಾಯುವ ಸಮಯವೂ ಸೇರುತ್ತದೆ. ಅಂದರೆ ನಮ್ಮ ಕಾಲದ ಫೋನುಗಳಲ್ಲಿ ಪ್ರತಿಧ್ವನಿ ಕೇಳುವುದಕ್ಕೆ ಬೇಕಾದ ತಡ ಯಾವಾಗಲೂ ಇದ್ದೇ ಇದೆ. ಆದರೂ ಕೇಳುವುದಿಲ್ಲ ಎಂದರೆ, ನಡುವೆ ಯಾರೋ ಅದನ್ನು ಕರೆಕರೆಗೂ ಅಳಿಸುತ್ತಿದ್ದಾರೆ ಎಂದರ್ಥ.

ಅಳಿಸುವ ಯಂತ್ರ ಬಂದ ಬಗೆ

ದೂರದ ಕರೆಗಳಲ್ಲಿ ಪ್ರತಿಧ್ವನಿಯ ಕಾಟ ತೀರಾ ಹಳೆಯದು. 1920ರ ದಶಕದಿಂದಲೇ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಇದಕ್ಕೊಂದು ಸರಳ ಉಪಾಯ ಬಳಸುತ್ತಿದ್ದರು. ಒಬ್ಬರು ಮಾತಾಡುವಾಗ ಎದುರು ದಿಕ್ಕಿನ ದಾರಿಯನ್ನು ಮುಚ್ಚಿಬಿಡುವುದು. ದಾರಿಯೇ ಮುಚ್ಚಿದ ಮೇಲೆ ಪ್ರತಿಧ್ವನಿ ಬರುವುದೆಲ್ಲಿಂದ? ತೊಂದರೆ ಏನೆಂದರೆ, ಆ ಹೊತ್ತಿಗೆ ಎದುರಿನವರು ಬಾಯಿ ಹಾಕಿದರೆ ಅವರ ಮಾತೂ ಕತ್ತರಿಸಿಹೋಗುತ್ತಿತ್ತು.

ಉಪಗ್ರಹಗಳು ಬಂದ ಮೇಲೆ ಈ ಉಪಾಯ ಸೋತಿತು. 1965ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ನಿಂತ 'ಅರ್ಲಿ ಬರ್ಡ್' ಉಪಗ್ರಹ ಅಮೆರಿಕ ಮತ್ತು ಯುರೋಪಿನ ನಡುವೆ ಕರೆಗಳನ್ನು ಸಾಗಿಸತೊಡಗಿತು. ಇಂಥ ಉಪಗ್ರಹ ಇರುವುದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗಿಳಿಯಲು 72,000 ಕಿಲೋಮೀಟರ್. ಬೆಳಕಿನ ವೇಗದಲ್ಲಿ ಓಡಿದರೂ ಕಾಲು ಸೆಕೆಂಡು ಬೇಕು. ಪ್ರತಿಧ್ವನಿ ತಿರುಗಿ ಬರುವಷ್ಟರಲ್ಲಿ ಅರ್ಧ ಸೆಕೆಂಡು. ತಾನು ಅರ್ಧ ಸೆಕೆಂಡಿನ ಹಿಂದೆ ಆಡಿದ ಮಾತು ಕಿವಿಗೆ ಬೀಳುತ್ತಿದ್ದರೆ ಯಾರಿಗೇ ಆದರೂ ನಾಲಿಗೆ ತೊದಲುತ್ತದೆ. ಇಷ್ಟು ತಡದ ದಾರಿಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡುವುದು ಸಹಜ. ದಾರಿ ಮುಚ್ಚುವ ಯಂತ್ರ ಇಬ್ಬರ ಮಾತನ್ನೂ ಚೂರುಚೂರು ಮಾಡುತ್ತಿತ್ತು.

ಆಗ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬೇರೆ ಯೋಚನೆ ಹುಟ್ಟಿತು. ದಾರಿ ಮುಚ್ಚುವುದು ಬೇಡ, ಪ್ರತಿಧ್ವನಿಯನ್ನಷ್ಟೇ ಲೆಕ್ಕಹಾಕಿ ಕಳೆದುಬಿಡೋಣ ಎಂದು. ಜಾನ್ ಕೆಲ್ಲಿ, ಬೆನ್ ಲೋಗನ್ ಮತ್ತು ಮೋಹನ್ ಸೋಂಧಿ ಈ ಕೆಲಸದ ಮುಂಚೂಣಿಯಲ್ಲಿದ್ದರು. ತಾನೇ ಕಲಿತು ತಿದ್ದಿಕೊಳ್ಳುವ ಪ್ರತಿಧ್ವನಿ ನಿವಾರಕದ ಕುರಿತು ಸೋಂಧಿಯವರ ಪ್ರಸಿದ್ಧ ಪ್ರಬಂಧ 1967ರಲ್ಲಿ ಪ್ರಕಟವಾಯಿತು. ಈ ಸೋಂಧಿ ನಮಗೆ ಪೂರ್ತಿ ಪರಕೀಯರಲ್ಲ. 1950ರ ದಶಕದ ಆರಂಭದಲ್ಲಿ ಅವರು ಸಂವಹನ ಎಂಜಿನಿಯರಿಂಗ್ ಕಲಿತದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವಲ್ಲಿ.

ಮೊದಮೊದಲು ಈ ಯಂತ್ರ ತುಂಬ ದುಬಾರಿಯಾಗಿತ್ತು. 1980ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನವರೇ ಇಡೀ ನಿವಾರಕವನ್ನು ಒಂದೇ ಚಿಪ್ಪಿನಲ್ಲಿ ಕೂರಿಸಿದರು. ಅಲ್ಲಿಂದ ಅದು ಎಕ್ಸ್‌ಚೇಂಜುಗಳಿಗೆ, ಕಾಲ್ ಸೆಂಟರಿನ ಕಂಪ್ಯೂಟರುಗಳಿಗೆ, ಕೊನೆಗೆ ನಿಮ್ಮ ಜೇಬಿನ ಮೊಬೈಲಿಗೂ ಬಂತು. ನೆಟ್‌ವರ್ಕಿನ ನಿವಾರಕ ಹೇಗೆ ಕೆಲಸ ಮಾಡಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡವೂ ಇದೆ. ಅದರ ಹೆಸರು ಜಿ.168.

ಕಳೆಯುವ ಲೆಕ್ಕ: ಎಣ್ಣೆ ಡಬ್ಬಿಯ ಉದಾಹರಣೆ

ಎಣ್ಣೆ ತರಲು ಮನೆಯಿಂದ ಡಬ್ಬಿ ಒಯ್ದರೆ ಅಂಗಡಿಯವರು ಮೊದಲು ಖಾಲಿ ಡಬ್ಬಿಯನ್ನು ತೂಗುತ್ತಾರೆ. ಎಣ್ಣೆ ತುಂಬಿ ಮತ್ತೆ ತೂಗಿ, ಡಬ್ಬಿಯ ತೂಕ ಕಳೆಯುತ್ತಾರೆ. ಉಳಿದದ್ದು ಎಣ್ಣೆ.

ಪ್ರತಿಧ್ವನಿ ನಿವಾರಕ ಮಾಡುವುದೂ ಇದನ್ನೇ. ಎದುರಿನವರ ಫೋನಿಗೆ ಎರಡು ವಿಷಯ ಗೊತ್ತು. ಒಂದು, ಸ್ಪೀಕರಿಗೆ ಈಗ ಯಾವ ದನಿ ಕೊಟ್ಟೆ ಎಂಬುದು. ಎರಡು, ಮೈಕಿನಿಂದ ಏನು ಬಂತು ಎಂಬುದು. ಸ್ಪೀಕರಿಗೆ ಕೊಟ್ಟ ದನಿ ಕೋಣೆಯಲ್ಲಿ ಸುತ್ತಿ ಮೈಕಿಗೆ ಬೀಳುವಾಗ ಎಷ್ಟು ಸಣ್ಣದಾಗುತ್ತದೆ, ಎಷ್ಟು ತಡವಾಗುತ್ತದೆ ಎಂದು ಅದು ಅಂದಾಜು ಮಾಡುತ್ತದೆ. ಆ ಅಂದಾಜನ್ನು ಮೈಕಿನ ದನಿಯಿಂದ ಕಳೆಯುತ್ತದೆ. ಉಳಿದದ್ದು ಆ ಮನುಷ್ಯರ ಮಾತು. ಅದನ್ನಷ್ಟೇ ನಿಮಗೆ ಕಳಿಸುತ್ತದೆ.

ಆದರೆ ಈ ಡಬ್ಬಿಯ ತೂಕ ಒಂದೇ ಸಮ ಇರುವುದಿಲ್ಲ. ಫೋನನ್ನು ಮೇಜಿನಿಂದ ಕೈಗೆತ್ತಿಕೊಂಡರೆ, ಬಾಗಿಲು ತೆರೆದರೆ, ವಾಲ್ಯೂಮ್ ಏರಿಸಿದರೆ ಕೋಣೆಯ ಲೆಕ್ಕವೇ ಬದಲು. ಹಾಗಾಗಿ ನಿವಾರಕ ಪ್ರತಿ ಕ್ಷಣ ಕಲಿಯುತ್ತಲೇ ಇರಬೇಕು. ಕರೆ ಶುರುವಾದ ಮೊದಲ ಕ್ಷಣಗಳಲ್ಲಿ ಪ್ರತಿಧ್ವನಿ ಕೇಳಿ ಆಮೇಲೆ ನಿಂತುಹೋಗುವುದನ್ನು ನೀವು ಗಮನಿಸಿರಬಹುದು. ಅದು ಯಾರೋ ಸಂಪರ್ಕ ಜೋಡಿಸಿಕೊಂಡ ಸದ್ದಲ್ಲ. ಯಂತ್ರ ಇನ್ನೂ ಆ ಕೋಣೆಯನ್ನು ಕಲಿಯುತ್ತಿದೆ ಅಷ್ಟೆ.

ಇಬ್ಬರೂ ಒಟ್ಟಿಗೆ ಮಾತಾಡಿದಾಗ ಇನ್ನೊಂದು ಕಷ್ಟ. ಆಗ ಮೈಕಿಗೆ ಬಿದ್ದ ದನಿಯಲ್ಲಿ ಪ್ರತಿಧ್ವನಿ ಎಷ್ಟು, ಎದುರಿನವರ ಮಾತೆಷ್ಟು ಎಂಬುದೇ ಗೊಂದಲ. ಆ ಹೊತ್ತಿನಲ್ಲಿ ಕಲಿಯಲು ಹೋದರೆ ಕಲಿತದ್ದೂ ಕೆಡುತ್ತದೆ. ಹಾಗಾಗಿ ಒಳ್ಳೆಯ ನಿವಾರಕ ಇಬ್ಬರ ದನಿ ಸೇರಿದ್ದನ್ನು ಪತ್ತೆಹಚ್ಚಿ, ಕಲಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಪತ್ತೆಹಚ್ಚುವುದು ತಪ್ಪಿದರೆ ಪ್ರತಿಧ್ವನಿ ಸ್ವಲ್ಪ ಹೊತ್ತು ಮತ್ತೆ ತಲೆಯೆತ್ತುತ್ತದೆ.

'ಒಂದನ್ನು ಒತ್ತಿ' ಅನ್ನುವ ಯಂತ್ರಕ್ಕೂ ಇದೇ ಕಾಟ

ಗ್ಯಾಸ್ ಬುಕಿಂಗಿಗೋ ಬ್ಯಾಂಕಿಗೋ ಕರೆ ಮಾಡಿದಾಗ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಯಂತ್ರ ಮಾತಾಡುತ್ತದಲ್ಲ, ಅದರ ಹಿಂದೆ ಬಹಳ ವರ್ಷ ಕೆಲಸ ಮಾಡಿದ್ದು ವಾಯ್ಸ್ ಬೋರ್ಡ್ ಎಂಬ ಕಾರ್ಡು. ಕಂಪ್ಯೂಟರಿನೊಳಗೆ ಸಿಕ್ಕಿಸಿ, ಟೆಲಿಫೋನ್ ಲೈನುಗಳನ್ನು ಅದಕ್ಕೆ ಜೋಡಿಸುತ್ತಿದ್ದರು. ಈಗ ಅದೇ ಕೆಲಸವನ್ನು ಹೆಚ್ಚಾಗಿ ಸಾಫ್ಟ್‌ವೇರ್ ಮಾಡುತ್ತದೆ, ಆದರೆ ಸಮಸ್ಯೆ ಹಳೆಯದೇ.

ಯಂತ್ರ ಹೇಳುವ ಸೂಚನೆ ಲೈನಿಗೆ ಹೋಗಿ ಸ್ವಲ್ಪ ವಾಪಸ್ ಬರುತ್ತದೆ. ಅದೇ ಹೊತ್ತಿಗೆ ನೀವು ಬಟನ್ ಒತ್ತುತ್ತೀರಿ ಅಥವಾ ಮಾತಾಡುತ್ತೀರಿ. ನೀವು ಒತ್ತಿದ ಪ್ರತಿ ಅಂಕಿಯೂ ಎರಡು ಸ್ವರಗಳ ಜೋಡಿ. ಉದಾಹರಣೆಗೆ 1 ಒತ್ತಿದರೆ 697 ಮತ್ತು 1209 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಯಂತ್ರ ತನ್ನ ಮಾತಿನ ಪ್ರತಿಧ್ವನಿಯ ನಡುವೆ ಈ ಸ್ವರಗಳನ್ನು ಹುಡುಕಬೇಕು. ತನ್ನ ದನಿಯನ್ನು ಕಳೆಯದಿದ್ದರೆ ನೀವು ಒತ್ತಿದ್ದು ಅದಕ್ಕೆ ಕೇಳದೆ ಹೋಗಬಹುದು. ಇನ್ನೂ ವಿಚಿತ್ರವೆಂದರೆ, ತನ್ನ ಮಾತನ್ನೇ ನಿಮ್ಮ ಉತ್ತರ ಎಂದು ತಿಳಿದುಬಿಡಬಹುದು.

ಅದಕ್ಕೆಂದೇ ಈ ಬೋರ್ಡುಗಳಲ್ಲಿ ನಿವಾರಕವನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸುವ ಸೌಲಭ್ಯ ಇರುತ್ತದೆ. ಮುಖ್ಯವಾಗಿ ಮೂರು ಹೊಂದಿಕೆ.

ಮೊದಲನೆಯದು, ಎಷ್ಟು ತಡವಾಗಿ ಬರುವ ಪ್ರತಿಧ್ವನಿಯವರೆಗೆ ನೆನಪಿಟ್ಟುಕೊಳ್ಳಬೇಕು ಎಂಬುದು. ಹತ್ತಿರದ ಲೈನಿಗೆ 16 ಮಿಲಿಸೆಕೆಂಡ್ ಸಾಕಾಗಬಹುದು. ದಾರಿ ಉದ್ದವಾದರೆ 64 ಅಥವಾ 128 ಮಿಲಿಸೆಕೆಂಡ್ ಬೇಕು. ಟೆಲಿಫೋನಿನಲ್ಲಿ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆಯುತ್ತಾರೆ. ಅಂದರೆ 16 ಮಿಲಿಸೆಕೆಂಡ್ ಎಂದರೆ 128 ಅಳತೆ, 128 ಮಿಲಿಸೆಕೆಂಡ್ ಎಂದರೆ 1,024 ಅಳತೆ. ನೆನಪು ಉದ್ದವಾದಷ್ಟೂ ಲೆಕ್ಕವೂ ಹೆಚ್ಚು, ಕಲಿಯಲು ಹಿಡಿಯುವ ಸಮಯವೂ ಹೆಚ್ಚು.

ಎರಡನೆಯದು, ಕಳೆದ ಮೇಲೂ ಉಳಿದ ಚೂರುಪಾರನ್ನು ಏನು ಮಾಡಬೇಕು ಎಂಬುದು. ಮನುಷ್ಯರು ಮಾತಾಡುವ ಕರೆಯಲ್ಲಿ ಆ ಚೂರನ್ನು ಪೂರ್ತಿ ಒರೆಸಿಹಾಕುತ್ತಾರೆ. ಪೂರ್ತಿ ಒರೆಸಿದರೆ ಲೈನು ಸತ್ತಂತಾಗುವುದರಿಂದ ಆ ಜಾಗದಲ್ಲಿ ಬೇಕೆಂದೇ ಸಣ್ಣ 'ಸುಯ್' ಸದ್ದು ತುಂಬುತ್ತಾರೆ. ಎದುರಿನವರು ಸುಮ್ಮನಿದ್ದಾಗ ಕಿವಿಗೆ ಬೀಳುವ ಆ ಮೆಲು ಸದ್ದನ್ನೂ ಕೆಲವರು "ರೆಕಾರ್ಡಿಂಗ್ ಸದ್ದು" ಎಂದು ನಂಬಿದ್ದಾರೆ. ಅದು ನಿಮಗೆ ಗಾಬರಿಯಾಗದಿರಲಿ ಎಂದೇ ಹಾಕಿದ ಸದ್ದು! ಆದರೆ ಮಾತನ್ನು ಗುರುತಿಸುವ ಯಂತ್ರಕ್ಕೆ ಕರೆ ಮಾಡಿದಾಗ ಈ ಒರೆಸುವ ಕೆಲಸವನ್ನು ನಿಲ್ಲಿಸುವುದೇ ಒಳ್ಳೆಯದು. ಇಲ್ಲದಿದ್ದರೆ ಪ್ರತಿಧ್ವನಿಯ ಜೊತೆ ನಿಮ್ಮ ಮಾತಿನ ಮೊದಲ ಅಕ್ಷರವೂ ಅಳಿಸಿಹೋಗಿ, "ಬೇಡ" ಎಂದದ್ದು ಯಂತ್ರಕ್ಕೆ ಅರ್ಧವೇ ಕೇಳೀತು.

ಮೂರನೆಯದು, ನಿವಾರಕವನ್ನು ಪೂರ್ತಿ ಬಂದ್ ಮಾಡುವುದು. ಹಳೆಯ ಡಯಲಪ್ ಇಂಟರ್‌ನೆಟ್ ಜೋಡಿಸುವಾಗ ಬರುತ್ತಿದ್ದ ಕೀರಲು ಸದ್ದು ನೆನಪಿದೆಯಾ? ಅದರಲ್ಲಿ 2100 ಹರ್ಟ್ಸ್‌ನ ಒಂದು ಸ್ವರವೂ ಇರುತ್ತಿತ್ತು. ಪ್ರತಿ 450 ಮಿಲಿಸೆಕೆಂಡಿಗೊಮ್ಮೆ ಅದರ ಅಲೆ ಉಲ್ಟಾ ಆಗುತ್ತಿತ್ತು. "ಇಲ್ಲಿ ಮಾತಾಡುತ್ತಿರುವುದು ಮನುಷ್ಯರಲ್ಲ, ನಮ್ಮ ಪ್ರತಿಧ್ವನಿಯನ್ನು ನಾವೇ ನೋಡಿಕೊಳ್ಳುತ್ತೇವೆ, ನೀನು ಸುಮ್ಮನಿರು" ಎಂದು ಮೋಡೆಮ್ ದಾರಿಯಲ್ಲಿನ ನಿವಾರಕಕ್ಕೆ ಹೇಳುವ ಸಂಕೇತ ಅದು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಪ್ರತಿಧ್ವನಿ ಎಂಬುದು ನೂರು ವರ್ಷಗಳಿಂದ ಎಂಜಿನಿಯರುಗಳು ಹೆಸರಿಟ್ಟು, ಅಳೆದು, ಮಾನದಂಡ ಬರೆದು ಗುದ್ದಾಡುತ್ತಿರುವ ಮಾಮೂಲಿ ದೋಷ. ಅದು ಕೇಳಿಸಿದರೆ ಈ ಸರಪಳಿಯಲ್ಲಿ ಎಲ್ಲೋ ಒಂದು ಹೊಂದಿಕೆ ತಪ್ಪಿದೆ ಎಂದಷ್ಟೇ ಅರ್ಥ.

ಹಾಗಾದರೆ ನಿಜವಾದ ಕದ್ದಾಲಿಕೆ ಹೇಗಿರುತ್ತದೆ?

ಸದ್ದೇ ಇರುವುದಿಲ್ಲ. ಹಿಂದೆ ತಂತಿಗೆ ನೇರವಾಗಿ ಇನ್ನೊಂದು ಫೋನ್ ಜೋಡಿಸಿ ಕೇಳುತ್ತಿದ್ದ ಕಾಲದಲ್ಲಿ 'ಟಿಕ್' ಎಂಬ ಸದ್ದು ಬರುವುದು, ದನಿ ಸಣ್ಣದಾಗುವುದು ಸಾಧ್ಯವಿತ್ತು. ಪಕ್ಕದ ಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಗೊತ್ತಾಗುತ್ತಿತ್ತಲ್ಲ, ಹಾಗೆ. ಈ ನಂಬಿಕೆಯ ಬೇರು ಬಹುಶಃ ಅಲ್ಲಿದೆ.

ಈಗ ಮಾತು ಅಂಕಿಗಳಾಗಿ ಓಡುತ್ತದೆ. ಕಾನೂನುಬದ್ಧವಾಗಿ ಕರೆ ಆಲಿಸುವಾಗ ಟೆಲಿಕಾಂ ಕಂಪನಿಯ ವ್ಯವಸ್ಥೆಯಲ್ಲೇ ಆ ಅಂಕಿಗಳ ನಕಲು ತೆಗೆಯುತ್ತಾರೆ. ಪತ್ರವನ್ನು ಜೆರಾಕ್ಸ್ ಮಾಡಿ ಮೂಲವನ್ನು ಹಾಗೇ ಮುಂದೆ ಕಳಿಸಿದಂತೆ. ನಕಲು ಹೋದ ದಾರಿಯಿಂದ ನಿಮ್ಮ ಕಿವಿಗೆ ಏನೂ ವಾಪಸ್ ಬರುವುದಿಲ್ಲ. ಇದಕ್ಕೆ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು ಎಂಬ ನಿಯಮವೂ ಇದೆ. 1996ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿತ್ತು. 2021ರಲ್ಲಿ ದೊಡ್ಡ ಸುದ್ದಿಯಾದ ಪೆಗಾಸಸ್‌ನಂಥ ಬೇಹು ತಂತ್ರಾಂಶಗಳೂ ಫೋನಿನೊಳಗೆ ಸದ್ದಿಲ್ಲದೆ ಕೂರುವಂಥವು.

ಹಾಗಾಗಿ ಎರಡು ಮಾತನ್ನು ಒಟ್ಟಿಗೆ ನೆನಪಿಡಿ. ಪ್ರತಿಧ್ವನಿ ಕೇಳಿದರೆ ಕದ್ದಾಲಿಕೆ ನಡೆಯುತ್ತಿದೆ ಎಂದಲ್ಲ. ಕೇಳದಿದ್ದರೆ ಎಲ್ಲ ಸುರಕ್ಷಿತ ಎಂದೂ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲ.

ಅಪಾಯ ಇರುವುದು ಬೇರೆ ಕಡೆ

ಫಾರ್ವರ್ಡಿನಲ್ಲಿ ಹೇಳಿದ *#21# ಕೋಡ್ ಕದ್ದಾಲಿಕೆ ಪತ್ತೆಹಚ್ಚುವುದಿಲ್ಲ. ನಿಮಗೆ ಬರುವ ಎಲ್ಲ ಕರೆಗಳು ಬೇರೆ ನಂಬರಿಗೆ ತಿರುಗುವಂತೆ ಹೊಂದಿಸಲಾಗಿದೆಯೇ ಎಂದು ತೋರಿಸುತ್ತದೆ ಅಷ್ಟೆ. *#62# ಒತ್ತಿದರೆ, ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ. ಅಲ್ಲಿ ಗುರುತಿಲ್ಲದ ನಂಬರ್ ಕಂಡು ಜನ ಹೌಹಾರುತ್ತಾರೆ. ಅದು ನಿಮ್ಮ ಸಿಮ್ ಕಂಪನಿಯದೇ ವಾಯ್ಸ್‌ಮೇಲ್ ಅಥವಾ ಮಿಸ್ಡ್ ಕಾಲ್ ತಿಳಿಸುವ ಸೇವೆಯ ನಂಬರ್ ಆಗಿರಬಹುದು.

ಆದರೆ ಕರೆ ತಿರುಗಿಸುವ ಸೌಲಭ್ಯವನ್ನು ವಂಚಕರು ನಿಜಕ್ಕೂ ಬಳಸುತ್ತಾರೆ. "ಸಿಮ್ ಕಂಪನಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಲೈನಿನಲ್ಲಿ ತೊಂದರೆ ಇದೆ, *401* ಒತ್ತಿ ಈ ನಂಬರ್ ಸೇರಿಸಿ" ಅನ್ನುತ್ತಾರೆ. ನೀವು ಒತ್ತಿದರೆ ನಿಮಗೆ ಬರಬೇಕಾದ ಕರೆಗಳು ಅವರಿಗೆ ಹೋಗುತ್ತವೆ. ಕರೆಯ ಮೂಲಕ ಬರುವ ಓಟಿಪಿಯೂ ಅವರ ಕಿವಿಗೆ. ಇದೇ ಕಾರಣಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆ, 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು ಮುಂದಿನ ಸೂಚನೆಯವರೆಗೆ ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತ್ತು.

ಈಗ ಯೋಚಿಸಿ. ಪ್ರತಿಧ್ವನಿ ಕೇಳಿ ಹೆದರಿದವರಿಗೆ "ನಿಮ್ಮ ಫೋನಿನ ಟ್ಯಾಪಿಂಗ್ ತೆಗೆಯುತ್ತೇವೆ, ಈ ಕೋಡ್ ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಯಾರಾದರೂ ಹೇಳಿದರೆ ಎಷ್ಟು ಬೇಗ ನಂಬುತ್ತಾರೆ? ಸುಳ್ಳು ಭಯ ನಿಜವಾದ ಕಳ್ಳನಿಗೆ ಬಾಗಿಲು ತೆರೆಯುತ್ತದೆ. ಕರೆ ತಿರುಗಿಸಲಾಗಿದೆಯೇ ಎಂಬ ಅನುಮಾನವಿದ್ದರೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಎಂಬಲ್ಲಿ ನೋಡಿ, ಅಥವಾ ಸಿಮ್ ಕಂಪನಿಯ ಅಂಗಡಿಯಲ್ಲಿ ಕೇಳಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪ್ರತಿಧ್ವನಿ ಕೇಳಿದರೆ ಏನು ಮಾಡಬೇಕು?

• ಎದುರಿನವರಿಗೆ ಸ್ಪೀಕರ್ ಆಫ್ ಮಾಡಿ ಫೋನನ್ನು ಕಿವಿಗೆ ಹಿಡಿಯಲು ಹೇಳಿ. ಹೆಚ್ಚಿನ ಸಲ ಇಷ್ಟರಲ್ಲೇ ಮುಗಿಯುತ್ತದೆ.

• ಸ್ಪೀಕರ್ ಬೇಕೇ ಬೇಕೆಂದರೆ ವಾಲ್ಯೂಮ್ ತಗ್ಗಿಸಲಿ, ಅಥವಾ ಇಯರ್‌ಫೋನ್ ಹಾಕಿಕೊಳ್ಳಲಿ. ಸ್ಪೀಕರಿನ ಸದ್ದು ಮೈಕಿಗೆ ಬೀಳದಿದ್ದರೆ ಪ್ರತಿಧ್ವನಿಯೂ ಹುಟ್ಟುವುದಿಲ್ಲ.

• ಅವರ ಫೋನಿನ ದಪ್ಪ ಕವರ್ ತೆಗೆದು ನೋಡಲಿ. ಮೈಕಿನ ತೂತಿಗೆ ಕವರ್ ಅಡ್ಡ ಬಂದರೆ ಸ್ಪೀಕರಿನ ಸದ್ದು ಕವರಿನೊಳಗೇ ಸಾಗಿ ಮೈಕಿಗೆ ತಲುಪಬಹುದು.

• ಗ್ರೂಪ್ ಕಾಲಿನಲ್ಲಿ ಒಂದೇ ಕೋಣೆಯ ಇಬ್ಬರು ಎರಡು ಫೋನಿನಿಂದ ಸೇರಿದ್ದರೆ ಒಬ್ಬರು ಮೈಕನ್ನೂ ಸ್ಪೀಕರನ್ನೂ ಮುಚ್ಚಬೇಕು. ಒಂದು ಫೋನಿನ ಸ್ಪೀಕರಿಗೆ ಏನು ಹೋಯಿತು ಎಂಬುದು ಇನ್ನೊಂದು ಫೋನಿಗೆ ತಿಳಿಯುವುದಿಲ್ಲ, ಹಾಗಾಗಿ ಕಳೆಯಲೂ ಆಗುವುದಿಲ್ಲ.

• ಯಾವುದೂ ಆಗದಿದ್ದರೆ ಕಟ್ ಮಾಡಿ ಮತ್ತೆ ಕರೆ ಮಾಡಿ. ಒಬ್ಬರ ಜೊತೆ ಮಾತ್ರ ಕೇಳಿದರೆ ಅವರ ಫೋನ್ ಕಾರಣ. ಎಲ್ಲರ ಜೊತೆಗೂ ಕೇಳಿದರೆ ಮಾತ್ರ ನಿಮ್ಮ ಫೋನನ್ನು ಅಂಗಡಿಗೆ ತೋರಿಸಿ, ಅಥವಾ ಸಿಮ್ ಕಂಪನಿಗೆ ದೂರು ಕೊಡಿ.

ನಮಗೆ ಬರೆದ ಓದುಗರಿಗೂ ಇದನ್ನೇ ಹೇಳಿದೆವು. ಎರಡು ದಿನ ಬಿಟ್ಟು ಉತ್ತರ ಬಂತು. ಅವರು ರಾತ್ರಿ ಅಡುಗೆ ಮಾಡುತ್ತಾ ಫೋನನ್ನು ಸ್ಪೀಕರಿಗೆ ಹಾಕಿ, ಒಲೆಯ ಪಕ್ಕ ಕಲ್ಲಿನ ಕಟ್ಟೆಯ ಮೇಲಿಟ್ಟು ಅಮ್ಮನ ಜೊತೆ ಮಾತಾಡುತ್ತಿದ್ದರಂತೆ. ಪೂರ್ತಿ ವಾಲ್ಯೂಮಿನಲ್ಲಿ. ಅಮ್ಮನನ್ನು ಹೆದರಿಸುತ್ತಿದ್ದ 'ಯಾರೋ' ಹುಟ್ಟುತ್ತಿದ್ದದ್ದು ಮಗನ ಅಡುಗೆಮನೆಯಲ್ಲೇ. ಈಗ ಒಲೆ ಆರಿಸಿ, ಫೋನನ್ನು ಕಿವಿಗಿಟ್ಟುಕೊಂಡೇ ಮಾತಾಡುತ್ತಿದ್ದಾರೆ. ಮೊದಲ ದಿನವೇ ಅಮ್ಮ ಮುಕ್ಕಾಲು ಗಂಟೆ ಮಾತಾಡಿದರಂತೆ, ಬಿಪಿ ಮಾತ್ರೆ ಬಿಟ್ಟು ಹದಿನೈದು ದಿನವಾಗಿದೆ ಎಂಬುದನ್ನೂ ಸೇರಿಸಿ.

ಮನೆಯ ಗ್ರೂಪಿಗೆ ಕಳಿಸಲು ನಾಲ್ಕು ಸಾಲು

"ಫೋನಿನಲ್ಲಿ ನಿಮ್ಮ ದನಿ ವಾಪಸ್ ಕೇಳಿದರೆ ಹೆದರಬೇಡಿ, ಅದು ಕದ್ದಾಲಿಕೆಯ ಗುರುತಲ್ಲ. ಎದುರಿನವರ ಸ್ಪೀಕರಿನ ಸದ್ದು ಅವರ ಮೈಕಿಗೆ ಬೀಳುತ್ತಿದೆ ಅಷ್ಟೆ, ಸ್ಪೀಕರ್ ಆಫ್ ಮಾಡಲು ಹೇಳಿ. ಟ್ಯಾಪಿಂಗ್ ತೆಗೆಯುತ್ತೇವೆ ಎಂದು ಯಾರಾದರೂ ಕೋಡ್ ಒತ್ತಲು ಅಥವಾ ಆ್ಯಪ್ ಹಾಕಲು ಹೇಳಿದರೆ ಮಾಡಬೇಡಿ. ಮನೆಯವರಿಗೆ ಹೇಳಬೇಕಾದ ಆರೋಗ್ಯದ ಮಾತನ್ನು ಫೋನಿನಲ್ಲೇ, ಇವತ್ತೇ ಹೇಳಿ."